ಜೀರ್ಣೋದ್ಧಾರವೂ ಯಂತ್ರವಿದ್ಯೆಯೂ: ಉಡುಪಿ ಸೀಮೆಯ ಹಳೆಯ ಕಟ್ಟಡಗಳ ವಿಚಾರ

‘ಜೀರ್ಣೋದ್ಧಾರ’ ಎಂಬ ಶಬ್ದವು ತುಳುನಾಡಿನಲ್ಲಿ ಪ್ರಾಯಶಃ ದೇವಾಲಯಗಳ ವಿಷಯದಲ್ಲಿಯೇ ರೂಢವಾಗಿರುವುದು. ಕಾಲವಶದಿಂದ ಸವೆದುದು ಜೀರ್ಣ. ಕುಸಿದುದನ್ನು ಮೇಲಕ್ಕೆತ್ತುವುದು ಉದ್ಧಾರ. ಸಮಾಸವು ತತ್ಪುರುಷವಾದುದರಿಂದ ಉತ್ತರಪದಕ್ಕೇ ಪ್ರಾಧಾನ್ಯವೆಂಬುದನ್ನು ಮರೆಯಲಾಗದು. ತಂತ್ರಾಗಮಗಳ ವಿಧಿಯಂತೆ ಗರ್ಭಗೃಹವನ್ನು ಬಿಚ್ಚುವ ಮೊದಲು ದೇವತಾಸಾನ್ನಿಧ್ಯವನ್ನು ಬಾಲಾಲಯಕ್ಕೆ ತಂದು, ಕೆಲಸವು ಮುಗಿಯುವವರೆಗೂ ನಿತ್ಯಪೂಜೆಯನ್ನು ಅಲ್ಲಿಯೇ ನಡೆಯಿಸತಕ್ಕದ್ದು. ಕಲ್ಲು ಮರಗಳು ಬದಲಾಗಬಹುದು, ಕಟ್ಟಡವು ಯಾವುದಕ್ಕಾಗಿ ಇರುವುದೋ ಅದು ನಿಲ್ಲಬಾರದು ಎಂಬುದೇ ಇದರ ತಾತ್ಪರ್ಯ. ಕಾಪುವಿನ ಹೊಸ ಮಾರಿಗುಡಿಯ ಜೀರ್ಣೋದ್ಧಾರವು ೨೦೨೫ರಲ್ಲಿ ಬ್ರಹ್ಮಕಲಶೋತ್ಸವವನ್ನು ಕಂಡಿತು. ಅಂಥ ಕಾರ್ಯಗಳಿಗೆ ಜನರು ಕೈಬಿಚ್ಚಿ ಕೊಡುವರು. ಪೇಟೆಯ ಮನೆ ಮಳಿಗೆಗಳಿಗೂ ಈ ನ್ಯಾಯವು ಸಲ್ಲುವುದೇ, ಸಂದರೆ ಹೇಗೆ, ಎಂಬುದೇ ಪ್ರಕೃತ ವಿಷಯ.

ಅದೇ ಕಾಪುವಿನ ಕಡಲಬಂಡೆಯ ಮೇಲಿನ ದೀಪಸ್ತಂಭವು ೧೯೦೧ರಲ್ಲಿ ಕಟ್ಟಿದುದು. ಎಣ್ಣೆಯ ದೀಪವು ಹೋಗಿ ವಿದ್ಯುದ್ದೀಪವು ಬಂದಿತು; ಗೋಪುರವು ಅದೇ. ಯಂತ್ರವು ಹೊಸದಾದ ಮಾತ್ರಕ್ಕೆ ಮಂದಿರವನ್ನು ಕೆಡಹಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಸುಲಭವಾದ ನಿದರ್ಶನವು ದೊರೆಯದು.

ಇನ್ನು ಉಡುಪಿಯ ಪೇಟೆ. ೧೯೦೬ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ೫,೦೦೦ ರೂಪಾಯಿ ಮೂಲಧನದಿಂದ ಸ್ಥಾಪಿಸಿದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ನು ಮುಂದೆ ಕಾರ್ಪೊರೇಷನ್ ಬ್ಯಾಂಕೆಂದು ಪ್ರಸಿದ್ಧವಾಯಿತು. ೧೯೨೫ರಲ್ಲಿ ಉಪೇಂದ್ರ ಅನಂತ ಪೈ, ಡಾಕ್ಟರ್ ತೋನ್ಸೆ ಮಾಧವ ಅನಂತ ಪೈ, ವಾಮನ ಕುಡ್ವ ಈ ಮೂವರು ೮,೦೦೦ ರೂಪಾಯಿಗಳಿಂದ ತೊಡಗಿದ ಇನ್ನೊಂದು ಸಂಸ್ಥೆಯು ಸಿಂಡಿಕೇಟ್ ಬ್ಯಾಂಕಾಯಿತು. ಕೈಮಗ್ಗದ ನೇಕಾರರ ಕಷ್ಟವೇ ಅದರ ಹುಟ್ಟಿಗೆ ಕಾರಣ. ೧೯೨೮ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯಲ್ಲಿ ಎರಡಾಣೆಯನ್ನು ಸಂಗ್ರಹಿಸಲು ಬ್ಯಾಂಕಿನವನೇ ಮನೆಯ ಜಗಲಿಗೆ ಬರುತ್ತಿದ್ದನು. ಹಣಕಾಸಿನ ವ್ಯವಹಾರವೆಂಬ ಆ ಕಾಲದ ಹೊಸ ವಿದ್ಯೆಯು ಸಾಮಾನ್ಯರಿಗೆ ದಕ್ಕಿದುದು ಭವ್ಯಸೌಧದಿಂದಲ್ಲ, ದಾಟಲು ಅಂಜಿಕೆ ಹುಟ್ಟದಂಥ ಹೊಸ್ತಿಲಿನಿಂದ.

ಆ ಎರಡು ಬ್ಯಾಂಕುಗಳೂ ೨೦೨೦ನೆಯ ಏಪ್ರಿಲ್ ೧ರಂದು ಕ್ರಮವಾಗಿ ಯೂನಿಯನ್ ಬ್ಯಾಂಕಿನಲ್ಲಿಯೂ ಕೆನರಾ ಬ್ಯಾಂಕಿನಲ್ಲಿಯೂ ಲೀನವಾದುವು. ಹಾಜಿ ಅಬ್ದುಲ್ಲಾ ಸಾಹೇಬರ ಮನೆಯು ನಾಣ್ಯಸಂಗ್ರಹಾಲಯವಾಗಿ ಉಳಿಯಿತು. ವಿಜಯನಾಥ ಶೆಣೈಯವರು ಅಳಿವಿಗೆ ಸಂದ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪ ಗ್ರಾಮದಲ್ಲಿ ಪುನಃ ನಿಲ್ಲಿಸಿದರು. ಕುಕನೂರಿನ ಕಮಲಮಹಲು, ಹರ್ಕೂರಿನ ಮನೆ, ಮಿಯ್ಯಾರಿನ ಮನೆ ಅವುಗಳಲ್ಲಿ ಕೆಲವು. ಇದು ಸ್ತುತ್ಯವಾದ ಕಾರ್ಯವೇ. ಆದರೆ ಇದು ರಕ್ಷಣ, ಉದ್ಧಾರವಲ್ಲ. ಕಾರ್ಕಳದ ಸಮೀಪದ ಅದೇ ಮಿಯ್ಯಾರಿನಲ್ಲಿ ಕೆನರಾ ಬ್ಯಾಂಕಿನ ಶತಮಾನೋತ್ಸವ ಗ್ರಾಮೀಣಾಭಿವೃದ್ಧಿ ಪ್ರತಿಷ್ಠಾನದ ಶಿಲ್ಪಶಾಲೆಯು ಯುವಕರಿಗೆ ಕಲ್ಲು, ಮರ, ಲೋಹಗಳ ಕೆಲಸವನ್ನು ಕಲಿಸಿತು. ಊರಿನ ಮನೆಯೊಂದು ಪ್ರದರ್ಶನಕ್ಕೆ ಹೋಯಿತು, ಊರಿನಲ್ಲಿಯೇ ಕಸುಬು ಮೊಳೆಯಿತು. ಇವೆರಡೂ ಒಂದೇ ಸೂರಿನ ಕೆಳಗೆ ಕೂಡಬಾರದೇಕೆ?

ಕೂಡಿದ ಉದಾಹರಣೆಗಳು ಇಲ್ಲದೆ ಇಲ್ಲ. ೧೯೪೨ರಲ್ಲಿ ಕೈಕಸುಬಿನ ಶಿಕ್ಷಣಕ್ಕಾಗಿ ಮಣಿಪಾಲದಲ್ಲಿ ಅಕಾಡೆಮಿಯನ್ನು ಸ್ಥಾಪಿಸಿದ ಡಾಕ್ಟರ್ ಪೈಗಳು ೧೯೫೩ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆದಾಗ, ರೋಗಿಗಳ ಬಳಿಯ ಅಭ್ಯಾಸಕ್ಕೆ ಮಂಗಳೂರಿನ ವೆನ್‌ಲಾಕ್ ಸರಕಾರಿ ಆಸ್ಪತ್ರೆಯನ್ನೇ ಆಶ್ರಯಿಸಿದರು. ಇದ್ದ ಕಟ್ಟಡದಲ್ಲಿ ಹೊಸ ವಿದ್ಯೆಗೆ ಎಡೆ ದೊರೆಯಿತು. ಈಚೆಗೆ, ೨೦೧೯ರಲ್ಲಿ, ಗ್ರಾಮಪಂಚಾಯತಿಗಳ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಅಧೀನಕ್ಕೆ ಬಂದ ಮೇಲೆ ಅನೇಕ ಕಡೆಗಳಲ್ಲಿ ಪುಸ್ತಕದ ಕಪಾಟಿನ ಪಕ್ಕದಲ್ಲಿಯೇ ಗಣಕಯಂತ್ರವು ಕುಳಿತಿತು.

ಗಣಕಯಂತ್ರದ ವಿದ್ಯೆಗೆ ಇಂಗ್ಲಿಷೇ ಹೆಬ್ಬಾಗಿಲೆಂಬ ಆಕ್ಷೇಪವುಂಟು. ಅದು ಪೂರ್ಣವಾಗಿ ಸಾಧುವಲ್ಲ. ಕಿನ್ನಿಕಂಬಳ ಪದ್ಮನಾಭರಾಯರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಕರ್ನಾಟಕ ಸರಕಾರವೇ ಅಂಗೀಕರಿಸಿತು. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ‘ಸೇಡಿಯಾಪು’. ಛಂದಸ್ಸು ವ್ಯಾಕರಣಗಳ ಮಹಾವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ (೧೯೦೨–೧೯೯೬) ಸ್ಮರಣೆ ಅದರಲ್ಲಿರುವುದು. ಉಚ್ಚಾರಣೆಯ ಕ್ರಮದಲ್ಲಿಯೇ ಮೊದಲು ವ್ಯಂಜನವನ್ನೂ ಅನಂತರ ಸ್ವರವನ್ನೂ ಒತ್ತಿದರೆ ಗುಣಿತಾಕ್ಷರವು ಸಿದ್ಧಿಸುವುದು. ಕಾಗುಣಿತ ಬಲ್ಲ ಬಾಲಕನಿಗೆ ಇದರಲ್ಲಿ ಅಪರಿಚಿತವಾದುದೇನಿದೆ? ಕನ್ನಡ ಉಪಾಧ್ಯಾಯರೇ ಇದನ್ನು ಕಲಿಸಬಲ್ಲರು.

ಕಟ್ಟಡದ ವಿಷಯದಲ್ಲಿ ಕೆಲವು ಮಾತುಗಳು ಅವಶ್ಯ. ಕರಾವಳಿಯ ಹಳೆಯ ಮನೆಗಳು ಬಹುಶಃ ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಮರದ ಮುಚ್ಚಿಗೆ, ಮಂಗಳೂರು ಹೆಂಚು ಇವುಗಳಿಂದಾದುವು. ಮುರಕಲ್ಲು ನೀರನ್ನು ಹೀರಿ ಬಿಡುವ ಸ್ವಭಾವದ್ದು. ಸುಣ್ಣದ ಲೇಪವು ಆ ಪಸೆಯನ್ನು ಹೊರಕ್ಕೆ ಬಿಡುವುದು, ಸಿಮೆಂಟಿನ ಲೇಪವು ಒಳಗೇ ಬಂಧಿಸುವುದು. ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರು ಮಳೆ ಬೀಳುವ ಸೀಮೆಯಲ್ಲಿ ಈ ಭೇದವು ಅಲ್ಪವಲ್ಲ. ದುರಸ್ತಿಯೆಂದರೆ ಸಿಮೆಂಟು ಬಳಿಯುವುದೆಂದು ತಿಳಿದವರು ಗೋಡೆಯನ್ನೂ ಕೆಡಿಸುವರು, ಅದರ ಬದಿಯ ಯಂತ್ರವನ್ನೂ ಕೆಡಿಸುವರು. ವಿದ್ಯುತ್ತಿನ ತಂತಿಗಳನ್ನು ಗೋಡೆ ಕೊರೆದು ಹುದುಗಿಸದೆ ಕೊಳವೆಯಲ್ಲಿ ಹೊರಗಡೆಯೇ ಒಯ್ಯುವುದು ಲೇಸು. ಸಿಡಿಲಿನ ಕಾಲಕ್ಕಾಗಿ ಭೂಸಂಪರ್ಕವನ್ನು ಭದ್ರಪಡಿಸಬೇಕು. ಗೆದ್ದಲಿನ ಪರೀಕ್ಷೆಯು ಎಲ್ಲಕ್ಕೂ ಮೊದಲು.

ಯಂತ್ರಗಳಿಗೆ ಚಾವಡಿಯೇ ಯೋಗ್ಯಸ್ಥಾನ. ಬೀದಿಯಿಂದ ಕಾಣುವುದು, ಪರರಿಗೆ ಪ್ರವೇಶವಿರುವುದು, ಗಾಳಿಬೆಳಕುಗಳುಳ್ಳದ್ದು ಅದೊಂದೇ. ಉಪ್ಪರಿಗೆಯ ಕಡಿದಾದ ಮರದ ಏಣಿಯನ್ನು ವೃದ್ಧರೂ ಅಂಗವಿಕಲರೂ ಏರಲಾರರು. ಮಾಲಿಕರಿಗೆ ತಕ್ಕ ಬಾಡಿಗೆಯು ಸಲ್ಲದಿದ್ದರೆ ಮನೆಯು ಉಳಿಯದು. ಪಾಲುಗಾರರು ಅನೇಕರಾಗಿ, ಕೆಲವರು ಮುಂಬಯಿಯಲ್ಲಿಯೋ ಪರದೇಶದಲ್ಲಿಯೋ ಇದ್ದರೆ, ಅವರೆಲ್ಲರ ಲಿಖಿತ ಸಮ್ಮತಿಯನ್ನು ಪಡೆಯುವುದು ಮುರಕಲ್ಲಿನ ದುರಸ್ತಿಗಿಂತಲೂ ಕಷ್ಟತರ. ವೇಳೆಯ ನಿಯಮವೂ ವಿಚಾರಣೀಯ. ಕಾಪುವಿನ ಮೀನುಗಾರ್ತಿಗೆ ಬೆಳಗ್ಗೆ ಮಾರುಕಟ್ಟೆ, ಕಾರ್ಕಳದ ಬೀಡಿ ಕಟ್ಟುವವಳಿಗೆ ಹಗಲೆಲ್ಲ ಸೂಪು. ಅವರಿಗೂ ಅವರ ಮಕ್ಕಳಿಗೂ ಸಲ್ಲಬೇಕಾದರೆ ಚಾವಡಿಯ ಬಾಗಿಲು ಸಂಜೆ ಆರರಿಂದ ಒಂಬತ್ತರವರೆಗೆ ತೆರೆದಿರತಕ್ಕದ್ದು.