ಯಾವ ಬ್ರಾಹ್ಮಿ, ಯಾವುದಕ್ಕೆ ಮದ್ದು?

ಬ್ರಾಹ್ಮಿ ಎಂದಾಕ್ಷಣ ಕನ್ನಡಿಗರಲ್ಲಿ ಬಹುಮಂದಿಗೆ ನೆನಪಾಗುವುದು ಒಂದೆಲಗ. ನೆಲದ ಮೇಲೆ ಹಬ್ಬುವ, ಗುಂಡನೆಯ ಎಲೆಯ ಈ ಗಿಡದಿಂದ ಮಲೆನಾಡಿನ ಮನೆಗಳಲ್ಲಿ ತಂಬುಳಿ, ಚಟ್ನಿ ಮಾಡುತ್ತಾರೆ. ಮಕ್ಕಳ ಬುದ್ಧಿ ಚುರುಕಾಗುತ್ತದೆಂದು ಹಿರಿಯರು ಒತ್ತಾಯದಿಂದ ತಿನ್ನಿಸುವುದೂ ಉಂಟು. ಆದರೆ ಆಯುರ್ವೇದದಲ್ಲಿ ಇದಕ್ಕೆ ಮಂಡೂಕಪರ್ಣಿ ಎಂದು ಹೆಸರು. ಅಲ್ಲಿ ಬ್ರಾಹ್ಮಿ ಎಂದು ಸಾಮಾನ್ಯವಾಗಿ ಒಪ್ಪಿರುವುದು ಜೌಗಿನಲ್ಲಿ ಬೆಳೆಯುವ, ಚಿಕ್ಕ ದಪ್ಪ ಎಲೆಯ ನೀರುಬ್ರಾಹ್ಮಿಯನ್ನು. ಎರಡೂ ದೂರದ ನೆಂಟರೂ ಅಲ್ಲ. ಒಂದೆಲಗ ಕೊತ್ತಂಬರಿ, ಜೀರಿಗೆಗಳ ಕುಟುಂಬಕ್ಕೆ ಸೇರಿದ್ದು. ನೀರುಬ್ರಾಹ್ಮಿಯದು ಬೇರೆಯೇ ವಂಶ. ಒಳಗಿನ ರಾಸಾಯನಿಕಗಳೂ ಬೇರೆ. ಒಂದರಲ್ಲಿ ಏಷಿಯಾಟಿಕೊಸೈಡ್, ಇನ್ನೊಂದರಲ್ಲಿ ಬೇಕೊಸೈಡ್.

ಎಲೆಯನ್ನು ಕಣ್ಣಾರೆ ಕಂಡು ಕಿತ್ತು ತರುವ ಕಡೆ ಈ ಗೊಂದಲದಿಂದ ದೊಡ್ಡ ಹಾನಿಯಿಲ್ಲ. ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಂಥ ಮಳೆ ಕಡಿಮೆಯಾದ ಸೀಮೆಯ ಮಾತು ಬೇರೆ. ತೇವವನ್ನೇ ಬಯಸುವ ಈ ಎರಡು ಗಿಡಗಳೂ ಅಲ್ಲಿನ ಹಿತ್ತಿಲಲ್ಲಿ ತಾವಾಗಿ ಬೆಳೆಯುವಂಥವಲ್ಲ. ಅಲ್ಲಿ ಬ್ರಾಹ್ಮಿ ಎಂದರೆ ಅಂಗಡಿಯಿಂದ ತಂದ ಪುಡಿ, ಎಣ್ಣೆ ಇಲ್ಲವೇ ಮಾತ್ರೆ. ಪುಡಿಯಾದ ಮೇಲೆ ಎಲ್ಲ ಎಲೆಯೂ ಒಂದೇ ಬಣ್ಣ. ನಿದ್ದೆ ಬಾರದವರು, ಮನಸ್ಸು ಕುಗ್ಗಿದವರು, ಸುಮ್ಮಸುಮ್ಮನೆ ಹೆದರುವವರು ಹುಡುಕಿಕೊಂಡು ಹೋಗುವುದು ಈ ಪುಡಿಯನ್ನೇ ಆದ್ದರಿಂದ, ಡಬ್ಬಿಯೊಳಗೆ ಇರುವುದೇನು ಎಂಬುದು ಸಸ್ಯಶಾಸ್ತ್ರಜ್ಞರಿಗೆ ಮಾತ್ರ ಬಿಟ್ಟ ಪ್ರಶ್ನೆಯಲ್ಲ.

ಫಾರ್ಮಸಿ ಶಿಕ್ಷಣ ಬರುವುದು ಇಲ್ಲಿಯೇ. ಹಿಂದೆ ವೈದ್ಯರು ಬರೆದುಕೊಟ್ಟಂತೆ ಮಿಕ್ಸ್ಚರ್ ಕಲಸಿಕೊಡುತ್ತಿದ್ದವರು ಕಂಪೌಂಡರುಗಳು. 1948ರ ಫಾರ್ಮಸಿ ಕಾಯಿದೆಯಿಂದ ಆ ಕೆಲಸಕ್ಕೆ ನಿಗದಿತ ವ್ಯಾಸಂಗವೂ ನೋಂದಣಿಯೂ ಬಂದವು. ಮಣಿಪಾಲದಲ್ಲಿ 1963ರಲ್ಲಿ, ಮೈಸೂರಿನ ಜೆ.ಎಸ್.ಎಸ್. ಸಂಸ್ಥೆಯಲ್ಲಿ 1973ರಲ್ಲಿ ಫಾರ್ಮಸಿ ಕಾಲೇಜುಗಳು ತೆರೆದವು. ಚಿತ್ರದುರ್ಗದಲ್ಲಿಯೂ ಎಸ್.ಜೆ.ಎಂ. ಫಾರ್ಮಸಿ ಕಾಲೇಜು ಇದೆ. ಈ ವ್ಯಾಸಂಗದ ಒಂದು ಮುಖ್ಯ ಭಾಗ ಫಾರ್ಮಕಾಗ್ನಸಿ, ಅಂದರೆ ಔಷಧಸಸ್ಯಗಳ ಗುರುತು ಹಿಡಿಯುವ ವಿದ್ಯೆ. ಪುಡಿಯನ್ನು ಕ್ಲೋರಲ್ ಹೈಡ್ರೇಟ್ ದ್ರಾವಣದಲ್ಲಿ ತಿಳಿಯಾಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಎಲೆಯ ಉಸಿರುರಂಧ್ರಗಳ ಜೋಡಣೆ, ರೋಮಗಳು, ಹರಳುಗಳು ಕಾಣುತ್ತವೆ. ಸುಟ್ಟು ಉಳಿದ ಬೂದಿಯನ್ನು ತೂಗಿದರೆ ಮಣ್ಣು ಬೆರಸಿದ್ದು ಬಯಲಾಗುತ್ತದೆ. ತೆಳುಪದರದ ಫಲಕದ ಮೇಲೆ ಸಾರವನ್ನು ಹರಿಸಿದರೆ ಒಂದೊಂದು ರಾಸಾಯನಿಕವೂ ತನ್ನ ಜಾಗದಲ್ಲಿ ಕಲೆಯಾಗಿ ನಿಲ್ಲುತ್ತದೆ. ವಿದ್ಯಾರ್ಥಿಗಳಿಗೆ ಬೇಸರ ತರುವ ಪಾಠ. ಕೊಳ್ಳುವವನಿಗೆ ಮಾತ್ರ ಇದಕ್ಕಿಂತ ದೊಡ್ಡ ರಕ್ಷಣೆ ಇನ್ನೊಂದಿಲ್ಲ.

ಗಿಡ ಯಾವುದೆಂದು ತಿಳಿದರೂ ಅದು ಮನಸ್ಸಿಗೆ ಮದ್ದೇ ಎಂಬ ಪ್ರಶ್ನೆ ಉಳಿಯುತ್ತದೆ. ಫಾರ್ಮಸಿ ಕಾಲೇಜುಗಳ ಸ್ನಾತಕೋತ್ತರ ಪ್ರಬಂಧಗಳಲ್ಲಿ ಇದಕ್ಕೆ ರೂಢಿಯಾದ ಪರೀಕ್ಷೆ ಇಲಿಯದು. ಕೂಡಿಸು ಚಿಹ್ನೆಯ ಆಕಾರದ, ನೆಲದಿಂದ ಅರ್ಧ ಮೀಟರ್ ಎತ್ತರದ ಒಂದು ಅಟ್ಟಣೆ. ನಾಲ್ಕು ಹಾದಿಗಳಲ್ಲಿ ಎರಡಕ್ಕೆ ಗೋಡೆಯುಂಟು, ಎರಡಕ್ಕಿಲ್ಲ. ಅಂಜುವ ಇಲಿ ಗೋಡೆಯ ಮರೆಯಲ್ಲೇ ಕೂರುತ್ತದೆ. ಗಿಡದ ಸಾರ ಕುಡಿಸಿದ ಮೇಲೆ ಅದು 5 ನಿಮಿಷಗಳಲ್ಲಿ ಎಷ್ಟು ಹೊತ್ತು ಬಯಲು ಹಾದಿಯಲ್ಲಿ ಓಡಾಡಿತು ಎಂದು ಲೆಕ್ಕ ಹಾಕಿ, ಡಯಾಜೆಪಾಮ್ ಕೊಟ್ಟ ಇಲಿಯೊಡನೆ ಹೋಲಿಸುತ್ತಾರೆ. ಖಿನ್ನತೆಗಾದರೆ ನೀರಿನ ಪಾತ್ರೆಯಲ್ಲಿ ಈಜಲು ಬಿಟ್ಟು, ಎಷ್ಟು ಹೊತ್ತು ನಿಶ್ಚಲವಾಗಿ ತೇಲಿತು ಎಂದು ನೋಡುವ ಪರೀಕ್ಷೆಯಿದೆ. 1977ರಲ್ಲಿ ಪೋರ್ಸಾಲ್ಟ್ ಎಂಬ ವಿಜ್ಞಾನಿ ರೂಪಿಸಿದ್ದು. ಇವು ಉಪಯುಕ್ತ ಪರೀಕ್ಷೆಗಳೇ. ಆದರೆ ಆ ಇಲಿಗೆ ಕಾಯಿಲೆ ಇರಲಿಲ್ಲ ಎಂಬುದನ್ನು ಮರೆಯಲಾಗದು. ಇಲಿ ಧೈರ್ಯವಾಗಿ ಓಡಾಡಿತು ಎಂಬುದರಿಂದ ಮನುಷ್ಯನ ಖಾಯಿಲೆ ವಾಸಿಯಾದೀತು ಎಂಬಲ್ಲಿಗೆ ಹಾರುವುದು ಜಾಹೀರಾತಿನವರ ಕೆಲಸ.

ಹಾರದೆ ಮೆಟ್ಟಿಲು ಮೆಟ್ಟಿಲಾಗಿ ನಡೆದ ಗಿಡ ಒಂದಿದೆ: ಸರ್ಪಗಂಧಿ. ಇದರ ಬೇರನ್ನು ಬಿಹಾರ, ಬಂಗಾಳಗಳಲ್ಲಿ ಹುಚ್ಚಿಗೆ ಮದ್ದೆಂದು ಜನ ಬಳಸುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಇದು ಉಪಯುಕ್ತವೆಂದು ಬರೆದರು. ಅದೇ ವರ್ಷ ದೆಹಲಿಯಲ್ಲಿ ಸಿದ್ದೀಕಿ ಎಂಬ ಹೆಸರಿನ ಇಬ್ಬರು ಬೇರಿನಿಂದ ಕ್ಷಾರಾಭಗಳನ್ನು ಬೇರ್ಪಡಿಸಿದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ರಕ್ತದೊತ್ತಡದ ರೋಗಿಗಳ ಮೇಲಿನ ಅನುಭವವನ್ನು ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದಾಗ ಜಗತ್ತು ಕಣ್ಣೆತ್ತಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯವರು ರಿಸರ್ಪೀನ್ ಎಂಬ ಶುದ್ಧ ವಸ್ತುವನ್ನು ತೆಗೆದರು. 1954ರ ಹೊತ್ತಿಗೆ ನೇಥನ್ ಕ್ಲೈನ್ ನ್ಯೂಯಾರ್ಕಿನ ಮಾನಸಿಕ ಆಸ್ಪತ್ರೆಯಲ್ಲಿ ಅದನ್ನು ಬಳಸಿ ಫಲಿತಾಂಶ ಬರೆದರು.

ಆಮೇಲೆ ತಿಳಿದದ್ದು ಇದರ ಇನ್ನೊಂದು ಮುಖ. ರಿಸರ್ಪೀನ್ ಮಿದುಳಿನ ಸೆರೊಟೋನಿನ್, ಡೋಪಮೀನ್‌ಗಳ ದಾಸ್ತಾನನ್ನೇ ಬರಿದು ಮಾಡುತ್ತಿತ್ತು; ತೆಗೆದುಕೊಂಡವರಲ್ಲಿ ಕೆಲವರು ಖಿನ್ನತೆಗೆ ಜಾರಿದರೆಂಬ ವರದಿಗಳು ಬಂದವು. ಮನೋರೋಗ ಚಿಕಿತ್ಸೆಯಲ್ಲಿ ಕ್ಲೋರ್‌ಪ್ರೋಮಜೀನ್ ಅದರ ಸ್ಥಾನ ಹಿಡಿಯಿತು. ಆದರೂ ಶ್ರಮ ವ್ಯರ್ಥವಾಗಲಿಲ್ಲ. ರಿಸರ್ಪೀನ್‌ನಿಂದ ಮರಗಟ್ಟಿದ್ದ ಮೊಲಗಳಿಗೆ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಎಲ್-ಡೋಪ ಕೊಟ್ಟಾಗ ಅವು ಎದ್ದು ಓಡಾಡಿದವು. ಪಾರ್ಕಿನ್‌ಸನ್ ಕಾಯಿಲೆಯ ಚಿಕಿತ್ಸೆಗೆ ದಾರಿ ತೆರೆದದ್ದು ಹಾಗೆ. 2000ದಲ್ಲಿ ಅವರಿಗೆ ನೊಬೆಲ್ ಬಂತು. ಸಸ್ಯಮೂಲದ್ದೆಂದರೆ ಅಡ್ಡಪರಿಣಾಮವಿಲ್ಲ ಎಂದು ನಂಬಿರುವವರು ಈ ಬೇರಿನ ಚರಿತ್ರೆಯನ್ನೊಮ್ಮೆ ಓದಬೇಕು.

ಕರ್ನಾಟಕದಲ್ಲಿ ಇಂಥ ಪರೀಕ್ಷೆಗಳನ್ನು ರೋಗಿಗಳ ನಡುವೆ ನಡೆಸಿದ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. ಅದರ ಆವರಣದಲ್ಲಿ ಮಾನಸಿಕ ಆರೋಗ್ಯಕ್ಕೆಂದೇ ಆಯುರ್ವೇದ ಸಂಶೋಧನಾ ಕೇಂದ್ರವಿದೆ. ಅಲ್ಲಿನ ವೈದ್ಯರು 2000ದಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಪ್ರಸಿದ್ಧವಾದುದು. ತೀವ್ರ ಖಿನ್ನತೆಯ 45 ಮಂದಿಯನ್ನು ಮೂರು ಗುಂಪು ಮಾಡಿ ಒಂದಕ್ಕೆ ವಿದ್ಯುತ್ ಚಿಕಿತ್ಸೆ, ಇನ್ನೊಂದಕ್ಕೆ ಇಮಿಪ್ರಮೀನ್ ಮಾತ್ರೆ, ಮತ್ತೊಂದಕ್ಕೆ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಯೋಗ. ನಾಲ್ಕು ವಾರಗಳಲ್ಲಿ ಚೇತರಿಸಿಕೊಂಡವರು ಕ್ರಮವಾಗಿ ನೂರಕ್ಕೆ 93, 73 ಮತ್ತು 67. ಯೋಗದ ಅಭಿಮಾನಿಗಳು ಕೊನೆಯ ಸಂಖ್ಯೆಯನ್ನಷ್ಟೇ ಹೇಳುತ್ತಾರೆ, ವಿರೋಧಿಗಳು ಮೊದಲನೆಯದನ್ನು. ಮೂರನ್ನೂ ಒಟ್ಟಿಗೆ ಓದುವುದು ನ್ಯಾಯ. ಪ್ರತಿ ಗುಂಪಿನಲ್ಲಿ ಇದ್ದವರು 15 ಜನ ಮಾತ್ರ ಎಂಬುದೂ ನೆನಪಿರಲಿ. ಸ್ಕಿಜೋಫ್ರೀನಿಯಾಕ್ಕೆ ಆಯುರ್ವೇದ ಚಿಕಿತ್ಸೆಯ ಪ್ರಯೋಗಗಳನ್ನು 2007ರಲ್ಲಿ ಕಾಕ್ರೇನ್ ಸಂಘಟನೆಯ ವಿಮರ್ಶಕರು ಜಾಲಾಡಿದಾಗ ಸಿಕ್ಕಿದ್ದು 3 ಸಣ್ಣ ಪ್ರಯೋಗಗಳು. ಕ್ಲೋರ್‌ಪ್ರೋಮಜೀನ್‌ನೊಡನೆ ಹೋಲಿಸಿದಾಗ ಮಾತ್ರೆಯ ಗುಂಪಿನವರಲ್ಲೇ ಸುಧಾರಣೆ ಹೆಚ್ಚು ಕಂಡಿತ್ತು.

ನಿಜವಾದ ಅಪಾಯ ಗಿಡದ ಪುಡಿ ತಿನ್ನುವುದರಲ್ಲಿ ಇರುವುದಕ್ಕಿಂತ, ಅದನ್ನು ನಂಬಿ ನಡೆಯುತ್ತಿರುವ ಮಾತ್ರೆಯನ್ನು ನಿಲ್ಲಿಸುವುದರಲ್ಲಿದೆ. ಸ್ಕಿಜೋಫ್ರೀನಿಯಾದ ಔಷಧಿ ಬಿಟ್ಟರೆ ಕಾಯಿಲೆ ಅಂದೇ ಮರಳುವುದಿಲ್ಲ. ವಾರಗಳೋ ತಿಂಗಳುಗಳೋ ಕಳೆದು ಮರಳುತ್ತದೆ. ಅಷ್ಟರಲ್ಲಿ ಪುಡಿಯಿಂದಲೇ ಗುಣವಾಯಿತೆಂದು ಮನೆಯವರು ನಂಬಿರುತ್ತಾರೆ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವವರಿಗೂ ಎಚ್ಚರ ಬೇಕು. ಅಶ್ವಗಂಧ ನಿದ್ದೆಮಾತ್ರೆಯ ಮಂಪರನ್ನು ಹೆಚ್ಚಿಸಬಲ್ಲದು, ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಅಪರೂಪಕ್ಕೆ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು.

ಹಳ್ಳಿಯ ಕಡೆ ಮನೋವೈದ್ಯರು ವಿರಳ. 1980ರ ದಶಕದಲ್ಲಿ ನಿಮ್ಹಾನ್ಸ್ ಚಿತ್ರದುರ್ಗದ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ನೀಡಿ ಮಾನಸಿಕ ಚಿಕಿತ್ಸೆ ಕೊಡಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆದರೂ ರೋಗಿಯ ಮನೆಯವರು ತಿಂಗಳಿಗೊಮ್ಮೆ ತಪ್ಪದೆ ಕಾಣುವುದು ಔಷಧದಂಗಡಿಯವನನ್ನೇ. ಬೇರೆ ಏನಾದರೂ ಸೇವಿಸುತ್ತಿದ್ದಾರೆಯೇ, ಮಾತ್ರೆ ನಿಲ್ಲಿಸಿದ್ದಾರೆಯೇ ಎಂದು ಕೇಳಲು ಅರ್ಧ ನಿಮಿಷ ಸಾಕು. ಡಬ್ಬಿಯನ್ನು ತಿರುಗಿಸಿ ನೋಡುವುದಕ್ಕೂ ಅಷ್ಟೇ. ಆಯುರ್ವೇದ ಔಷಧಿಯ ಲೇಬಲಿನ ಮೇಲೆ ಗಿಡದ ಸಸ್ಯಶಾಸ್ತ್ರೀಯ ಹೆಸರು ಇರಬೇಕೆಂಬ ನಿಯಮವಿದೆ: ಬಕೋಪ ಮೊನ್ನಿಯೆರಿ ಎಂದಿದ್ದರೆ ಅದು ನೀರುಬ್ರಾಹ್ಮಿ, ಸೆಂಟೆಲ್ಲ ಏಷಿಯಾಟಿಕ ಎಂದಿದ್ದರೆ ಒಂದೆಲಗ.