ಹಳ್ಳದ ಹಸಿರು ರೆಕ್ಕೆ

ನಮ್ಮ ಬಣಕಲ್ ಕಡೆ ಮಳೆ ಹಿಂದೆ ಸರಿಯುತ್ತಿದ್ದಂತೆ ಗದ್ದೆಗಳ ಮೇಲೆ ಹಳದಿ ಏರೋಪ್ಲೇನ್ ಚಿಟ್ಟೆಗಳ ಹಿಂಡು. ಇವು ಹಿಂದೂ ಮಹಾಸಾಗರ ದಾಟಿ ಆಫ್ರಿಕಾಕ್ಕೆ ಹೋಗುತ್ತವೆಂದು ಮಾಲ್ಡೀವ್ಸ್‌ನಲ್ಲಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಬರೆದರು. ಪಾಸ್‌ಪೋರ್ಟ್ ಕೇಳುವವರಿಲ್ಲ ನೋಡಿ!

ನನಗೆ ಮಾತ್ರ ಹರಿಯುವ ಹಳ್ಳದ ಸ್ಟ್ರೀಮ್ ಗ್ಲೋರಿಯೇ ಇಷ್ಟ. ಏರೋಪ್ಲೇನ್ ಚಿಟ್ಟೆಯ ತೆಳ್ಳನೆಯ ನೆಂಟ ಇದು. ಕಲ್ಲಿನ ಮೇಲೆ ರೆಕ್ಕೆ ಮಡಚಿ ಕೂತಾಗ ಬರೀ ಕಂದು. ಗಂಡು ರೆಕ್ಕೆ ಬಿಚ್ಚಿತೋ, ಮಿರಮಿರ ಹಸಿರು. ಬಿಸಿಲೇರಿದ ಮೇಲೆ ನೀರಿನ ಪಕ್ಕ ಅಲುಗಾಡದೆ ಕೂತರೆ ಕಾಣುತ್ತದೆ.

ಇದರ ಮರಿ ಬೆಳೆಯುವುದು ನೀರೊಳಗೆ. ಕಾಫಿ ಕೊಯ್ಲಿನಲ್ಲಿ ಪಲ್ಪರ್ ನೀರನ್ನು ಹಳ್ಳಕ್ಕೆ ಬಿಟ್ಟರೆ ಅಲ್ಲಿನ ಆಮ್ಲಜನಕ ಇಳಿದು ಮರಿಗಳು ಉಸಿರುಗಟ್ಟುತ್ತವೆ. ಗುಂಡಿ ತೋಡಿ ಆ ನೀರನ್ನು ತಡೆಯುವ ಬೆಳೆಗಾರರೂ ಇದ್ದಾರೆ. ಹುಡುಕಲು ಹೊರಡುವುದಾದರೆ, ಪಲ್ಪರ್ ಮನೆಗಿಂತ ಮೇಲಿನ ಹಳ್ಳದಿಂದ ಶುರು ಮಾಡಿ.