ಮೊದಲ ಪಾಪನಿವೇದನೆ: ಮಗುವಿಗೆ ಭಯವೇಕೆ?

ಕಥೋಲಿಕ ಮಕ್ಕಳು ಮೊದಲ ಪರಮಪ್ರಸಾದಕ್ಕೆ ಮುನ್ನ ಪಾಪನಿವೇದನೆ ಮಾಡಬೇಕು. ಇದಕ್ಕೆ ಸುಮಾರು ಏಳರ ವಯಸ್ಸೆಂದು 1910ರಲ್ಲಿ, ಪೋಪ್ ಹತ್ತನೇ ಪಯಸ್ ಅವರ ಕಾಲದಲ್ಲಿ ಗೊತ್ತಾಯಿತು.

ಆ ವಯಸ್ಸಿನ ಮಗುವನ್ನು ಕಾಡುವ ಭಯ ಒಂದೇ: ‘ನಾನು ಮಾಡಿದ್ದು ಮಾರಕ ಪಾಪವೇ?’ ಹೆತ್ತವರು ಮೂರು ಪ್ರಶ್ನೆ ಕೇಳಲಿ. ವಿಷಯ ಗಂಭೀರವೇ? ಅದು ನಿನಗೆ ಚೆನ್ನಾಗಿ ತಿಳಿದಿತ್ತೇ? ಬೇಕೆಂದೇ ಮಾಡಿದೆಯಾ? ಮೂರಕ್ಕೂ ‘ಹೌದು’ ಎಂದರೆ ಮಾತ್ರ ಅದು ಮಾರಕ ಪಾಪ. ಜ್ವರದಿಂದ ಭಾನುವಾರದ ಪೂಜೆ ತಪ್ಪಿದರೆ ಪಾಪವೇ ಅಲ್ಲ. ಗೆಳೆಯನ ಪೆನ್ಸಿಲ್ ಕದ್ದದ್ದು ಅಲ್ಪ ಪಾಪ. ಹೇಳಿಕೊಂಡರೆ ಒಳ್ಳೆಯದು, ಪೆನ್ಸಿಲನ್ನಂತೂ ಹಿಂದಿರುಗಿಸಬೇಕು.

ದಶಾಜ್ಞೆಗಳನ್ನು ನೆನೆದು ಮನಸ್ಸನ್ನು ಪರೀಕ್ಷಿಸಿಕೊಳ್ಳುವುದು, ಪಶ್ಚಾತ್ತಾಪಪಡುವುದು, ಮತ್ತೆ ಮಾಡೆನೆಂದು ನಿರ್ಧರಿಸುವುದು: ಸಿದ್ಧತೆ ಇಷ್ಟೇ. ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ಮನೆಗೆ ಬಂದ ಮಗುವನ್ನು ಹೆತ್ತವರೂ ‘ಏನು ಹೇಳಿದೆ?’ ಎಂದು ಕೇಳದಿರುವುದೇ ಲೇಸು.